ಆ ದಾಖಲೆ ಪುಸ್ತಕವನ್ನು ಕಪಾಟಿನಿಂದ ಹೊರಗೆ ತೆಗೆಯಿರಿ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಗ್ರಾಮ ಪಂಚಾಯತ್ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,



ನಾನು ಅಘನಾಶಿನಿ ಹೊಳೆಯಂಚಿನ ಊರಿನಲ್ಲಿ ಹುಟ್ಟಿದವನು. ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲೇ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ಮಾಸ್ತರ. ನಿಮ್ಮಲ್ಲಿ ಕೆಲವರು ನನ್ನ ಮುಂದೆ ಬೆಂಚಿನಲ್ಲಿ ಕೂತವರೇ ಇರಬಹುದು. ಆ ಸಲುಗೆಯಿಂದಲೂ, ನೀವು ಈಗ ಕೂತಿರುವ ಸ್ಥಾನದ ಮೇಲಿನ ಗೌರವದಿಂದಲೂ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಆ ಸ್ಥಾನದ ಮಾತು. ಜೀವವೈವಿಧ್ಯ ಸಮಿತಿಯ ಸದಸ್ಯರೆಂದು ನಿಮ್ಮ ಹೆಸರು ಬರೆದ ದಿನ, ಅದೊಂದು ಸಹಿ ಹಾಕುವ ಕೆಲಸ ಎಂದಷ್ಟೇ ನಿಮ್ಮಲ್ಲಿ ಹಲವರಿಗೆ ಹೇಳಿರಬಹುದು. ಹಾಗಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಕಲಮು ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇಂಥ ಸಮಿತಿ ಇರಲೇಬೇಕು ಎನ್ನುತ್ತದೆ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದರೂ ಸಮಿತಿ ಉಳಿದಿದೆ. ಅದರ ಮುಖ್ಯ ಕೆಲಸ ಊರವರ ಜೊತೆ ಕೂತು ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು. ಊರಿನ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ಈಜುತ್ತದೆ, ಏನು ಹಾರುತ್ತದೆ, ಅದನ್ನು ಯಾರು ಯಾವ ಕಾಲಕ್ಕೆ ಹೇಗೆ ಬಳಸುತ್ತಾರೆ, ಮೊದಲು ಇದ್ದದ್ದು ಈಗ ಯಾವುದು ಇಲ್ಲ ಎಂಬುದನ್ನೆಲ್ಲ ಅದರಲ್ಲಿ ಬರೆಯಬೇಕು. 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಇದಕ್ಕೆ ರೂಪ ಕೊಟ್ಟಾಗ ಅವರ ಕಣ್ಣೆದುರು ಇದ್ದದ್ದು ನಮ್ಮಂಥ ಊರುಗಳೇ. ಅವರು ವರ್ಷಗಟ್ಟಲೆ ಕುಮಟೆಯ ಕಾಡು, ಹೊಳೆ ಸುತ್ತಿದವರು.

ಆಮೇಲೆ ಗಡುವು ಬಂತು. 2020ರ ಜನವರಿ 31ರೊಳಗೆ ದೇಶದ ಎಲ್ಲ ಕಡೆ ಸಮಿತಿಯೂ ಆಗಬೇಕು, ದಾಖಲಾತಿಯೂ ಮುಗಿಯಬೇಕು, ಇಲ್ಲವಾದರೆ ರಾಜ್ಯ ಸರಕಾರ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. ಪುಸ್ತಕಗಳು ತರಾತುರಿಯಲ್ಲಿ ತಯಾರಾದವು. ಅಂಥದೊಂದನ್ನು ನಾನು ಪಂಚಾಯತ್ ಕಚೇರಿಯಲ್ಲಿ ಕೂತು ಮೊದಲ ಹಾಳೆಯಿಂದ ಕೊನೆಯವರೆಗೆ ಓದಿದ್ದೇನೆ. ಊರಿನ ಹೆಸರು ಬೇಡ. ಹೊಳೆಗೆ ತಾಗಿಯೇ ಇರುವ ಊರು ಅದು. ಪುಸ್ತಕದಲ್ಲಿ ಮಾವು ಇತ್ತು, ಹಲಸು ಇತ್ತು, ತುಳಸಿ ಇತ್ತು, ನವಿಲು ಇತ್ತು. ಬಳಚು ಇರಲಿಲ್ಲ. ಆ ಊರಿನ ಅರ್ಧಕ್ಕರ್ಧ ಮನೆಗಳ ಒಲೆಗೆ ಬೆಂಕಿ ಕೊಟ್ಟದ್ದು ಹೊಳೆಯ ಈ ಚಿಪ್ಪುಜೀವಿ, ಬಳಚು.

ಈ ಒಂದು ಲೋಪ ಎಷ್ಟು ದೊಡ್ಡದು ಎಂದು ತಿಳಿಯಲು ಸ್ವಲ್ಪ ದೂರ ಹೋಗಿ ಬರಬೇಕು.

1992ರಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ಜೀವವೈವಿಧ್ಯ ಒಪ್ಪಂದ ಆಯಿತು. ಭಾರತ 1994ರಲ್ಲಿ ಅದಕ್ಕೆ ಅಧಿಕೃತವಾಗಿ ಸೇರಿತು. ನಮ್ಮ 2002ರ ಕಾಯ್ದೆ ಹುಟ್ಟಿದ್ದೇ ಆ ಒಪ್ಪಂದದಿಂದ. ಹಾಗಾಗಿ ನಿಮ್ಮ ಸಮಿತಿಯ ಬೇರೂ ಅಲ್ಲೇ ಇದೆ. 2010ರಲ್ಲಿ ಜಪಾನಿನಲ್ಲಿ ಸೇರಿದ ದೇಶಗಳು ಹತ್ತು ವರ್ಷಕ್ಕೆ 20 ಗುರಿ ಹಾಕಿಕೊಂಡವು. ಐಚಿ ಗುರಿಗಳು ಎಂದು ಅವುಗಳ ಹೆಸರು. 2020ರಲ್ಲಿ ಲೆಕ್ಕ ನೋಡಿದಾಗ ಇಡೀ ಪ್ರಪಂಚದ ಮಟ್ಟದಲ್ಲಿ ಒಂದೇ ಒಂದು ಗುರಿಯೂ ಪೂರ್ತಿಯಾಗಿ ಮುಟ್ಟಿರಲಿಲ್ಲ. ಆರು ಅರೆಬರೆಯಾಗಿದ್ದವು. ನನಗೆ ಈ ಸಂಗತಿ ಮರೆಯಲಾಗುವುದಿಲ್ಲ. ಯಾಕೆ ಹಾಗಾಯಿತು ಎಂಬುದಕ್ಕೆ ದೊಡ್ಡವರು ದುಡ್ಡು, ರಾಜಕೀಯ, ಮಾಪನದ ತೊಡಕು ಎಂದೆಲ್ಲ ಕಾರಣ ಕೊಟ್ಟರು. ನನಗೆ ಕಾಣುವ ಕಾರಣ ಬೇರೆ: ಗುರಿ ಬರೆದ ಮೇಜಿಗೂ ಮಣ್ಣಿನಲ್ಲಿ ಕೈ ಇಟ್ಟವರಿಗೂ ನಡುವೆ ಯಾರೂ ಇರಲಿಲ್ಲ.

2022ರ ಡಿಸೆಂಬರ್ 19ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಮತ್ತೆ ಹೊಸ ಗುರಿಗಳಾದವು. ಚೀನಾದ ಕುನ್ಮಿಂಗ್ ನಗರದ ಹೆಸರೂ ಸೇರಿ ಅದಕ್ಕೆ ಕುನ್ಮಿಂಗ್-ಮಾಂಟ್ರಿಯಲ್ ಚೌಕಟ್ಟು ಎನ್ನುತ್ತಾರೆ. ಈ ಸಲ 23 ಗುರಿ, ಗಡುವು 2030. ಪತ್ರಿಕೆಗಳಲ್ಲಿ ಹೆಚ್ಚು ಬಂದದ್ದು ಎರಡು. ನೆಲ, ಒಳನಾಡ ನೀರು, ಕರಾವಳಿ ಮತ್ತು ಕಡಲು, ಇವುಗಳಲ್ಲಿ ಶೇಕಡ 30ರಷ್ಟನ್ನಾದರೂ ಕಾಪಾಡಬೇಕು. ಕೆಟ್ಟು ಹೋದ ನೆಲ-ನೀರಿನಲ್ಲೂ ಕನಿಷ್ಠ ಶೇಕಡ 30ರಷ್ಟನ್ನು ಮತ್ತೆ ಜೀವ ತುಂಬುವ ಕೆಲಸಕ್ಕೆ ಹಚ್ಚಬೇಕು. 2024ರ ಅಕ್ಟೋಬರಿನಲ್ಲಿ ಕೊಲಂಬಿಯಾದ ಕಾಲಿ ನಗರದ ಸಭೆಯಲ್ಲಿ ಭಾರತವೂ ತನ್ನ 23 ರಾಷ್ಟ್ರೀಯ ಗುರಿಗಳನ್ನು ಒಪ್ಪಿಸಿದೆ. ಮುಂದಿನ ಲೆಕ್ಕ ಒಪ್ಪಿಸುವ ಸಭೆ 2026ರ ಅಕ್ಟೋಬರಿಗೆ, ಅರ್ಮೇನಿಯಾದ ಯೆರವಾನ್‌ನಲ್ಲಿ ಎಂದು ನಿಗದಿಯಾಗಿದೆ.

ಪತ್ರಿಕೆಗಳಲ್ಲಿ ಅಷ್ಟಾಗಿ ಬಾರದ ಮಾತುಗಳು ಅದೇ ಕಾಗದದಲ್ಲಿವೆ. ಕಾಪಾಡುವಾಗ ಮೂಲನಿವಾಸಿಗಳ, ಸ್ಥಳೀಯ ಸಮುದಾಯಗಳ ಹಕ್ಕನ್ನು ಮನ್ನಿಸಬೇಕು ಎಂದು ಮೂರನೆಯ ಗುರಿಯೊಳಗೇ ಇದೆ. ನಾಲ್ಕನೆಯದು ಊರಿನ ತಳಿಗಳ ವೈವಿಧ್ಯ ಉಳಿಸಿ ಎನ್ನುತ್ತದೆ. ಒಂಬತ್ತನೆಯದು ರೂಢಿಯಿಂದ ಬಂದ ಮಿತದ ಬಳಕೆಗೆ ರಕ್ಷಣೆ ಕೊಡಿ ಎನ್ನುತ್ತದೆ. ಇಪ್ಪತ್ತೆರಡನೆಯದು ತೀರ್ಮಾನ ಮಾಡುವಾಗ ಆ ಜನ ಕೂತಿರಬೇಕು, ಹೆಂಗಸರು ಕೂತಿರಬೇಕು ಎನ್ನುತ್ತದೆ. ಈ ನಾಲ್ಕೂ ಮಾತು ನಮ್ಮ ಪಾಲಿಗೆ ಜೀವಾಳ. ಅವನ್ನು ಜಾರಿಗೆ ತರಬಲ್ಲ ಸಂಸ್ಥೆ ಮಾಂಟ್ರಿಯಲ್‌ನಲ್ಲಿ ಇಲ್ಲ, ದಿಲ್ಲಿಯಲ್ಲೂ ಇಲ್ಲ. ಅದು ನಿಮ್ಮ ಸಮಿತಿ. ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ.

ಈಗ ಹೊಳೆಗೆ ಬರೋಣ.

ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು ತದಡಿಯ ಹತ್ತಿರ ಸಮುದ್ರ ಸೇರುವ ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ತದಡಿಯಲ್ಲಿ 4000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ದಂಡೆಯ ಜನ ಎದ್ದು ನಿಂತರು, ಸ್ಥಾವರ ಬರಲಿಲ್ಲ. 2024ರ ಜನವರಿ 31ರಂದು ಅಘನಾಶಿನಿ ಅಳಿವೆಯ 4801 ಹೆಕ್ಟೇರು ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. 1971ರಲ್ಲಿ ಇರಾನಿನ ರಾಮ್ಸಾರ್‌ನಲ್ಲಿ ಆದ ಜೌಗು ಪ್ರದೇಶಗಳ ಒಪ್ಪಂದದ ಪಟ್ಟಿ ಅದು. 6000ದಿಂದ 7500 ಕುಟುಂಬಗಳು ಈ ಅಳಿವೆಯಿಂದ ಬದುಕುತ್ತವೆ ಎಂದು ಕೇಂದ್ರ ಸರಕಾರವೇ ಆ ದಿನ ಹೇಳಿತು: ಮೀನು, ಬಳಚು, ಏಡಿ, ಗಜನಿಯ ಭತ್ತ, ಉಪ್ಪು. ಈ ಸಾಲನ್ನು ನಾನು ಹತ್ತು ಸಲ ಓದಿದೆ. ಒಂದು ಅಂತಾರಾಷ್ಟ್ರೀಯ ಪಟ್ಟಿ ಸಾಣಿಕಟ್ಟೆಯ ಉಪ್ಪಿನ ಆಗರವನ್ನೂ ಮಾಣಿಕಟ್ಟೆಯ ಗದ್ದೆಯನ್ನೂ ಒಟ್ಟಿಗೆ ನೆನೆದದ್ದು ಸಣ್ಣ ಮಾತಲ್ಲ.

ಗಜನಿಯನ್ನು ನಿಮಗೆ ವಿವರಿಸಬೇಕಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಪುಸ್ತಕದಲ್ಲೂ ಇದನ್ನು ಹೀಗೇ ಬಿಡಿಸಿ ಬರೆಯಬೇಕು. ಹೊಳೆಯ ಉಪ್ಪುನೀರು ಒಳಗೆ ಬಾರದಂತೆ ಕಟ್ಟೆ. ಮಳೆಗಾಲ ಹಿಡಿದು ಮಣ್ಣಿನ ಉಪ್ಪು ತೊಳೆದ ಮೇಲೆ ಕಗ್ಗ ಭತ್ತದ ಬಿತ್ತನೆ. ಎತ್ತರ ಬೆಳೆಯುವ, ಉಪ್ಪು ತಾಳುವ, ನೆರೆಯಲ್ಲಿ ಮುಳುಗಿದರೂ ಮತ್ತೆ ತಲೆ ಎತ್ತುವ ತಳಿ. ಗೊಬ್ಬರ ಬೇಡ, ಔಷಧ ಬೇಡ. ಅಕ್ಟೋಬರ್ ಹೊತ್ತಿಗೆ ಕೊಯ್ಲು. ಆಮೇಲೆ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ಜೊತೆಗೆ ಶೆಟ್ಲಿ (ಸಿಗಡಿ), ಮೀನಿನ ಮರಿ ಬರುತ್ತವೆ. ಗದ್ದೆಯಲ್ಲುಳಿದ ಹುಲ್ಲು ಕೊಳೆತು ಅವಕ್ಕೆ ಮೇವಾಗುತ್ತದೆ. ಮೀನಿನ ಕಸ ಮುಂದಿನ ಭತ್ತಕ್ಕೆ ಗೊಬ್ಬರ. ಚಳಿಗಾಲದಲ್ಲಿ ದೂರದೂರದಿಂದ ಬಂದ ಹಕ್ಕಿ ಅಲ್ಲೇ ಮೇಯುತ್ತದೆ. ಒಂದೇ ನೆಲ ಆರು ತಿಂಗಳು ಗದ್ದೆ, ಆರು ತಿಂಗಳು ಹೊಳೆ. ಕೇರಳದ ಪೊಕ್ಕಾಳಿ ಇದರ ತಮ್ಮನಂಥದು, ಗೋವೆಯ ಖಾಜನ್ ಅಣ್ಣನಂಥದು. ಪೊಕ್ಕಾಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ವರ್ಷಗಳಾದವು.

1990ರ ದಶಕದಲ್ಲಿ ಈ ಗಜನಿಗಳಲ್ಲಿ ಎಷ್ಟೋ ಶೆಟ್ಲಿ ಕೊಳಗಳಾದವು. ಬಿಳಿಚುಕ್ಕೆ ರೋಗ ಬಂದು ಸಾಲ ಉಳಿಯಿತು, ಶೆಟ್ಲಿ ಉಳಿಯಲಿಲ್ಲ. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಹೊಸ ಬಗೆಯ ಶೆಟ್ಲಿ ಕೊಳಗಳನ್ನು ನಿಲ್ಲಿಸಿ, ರೂಢಿಯ ಪದ್ಧತಿಯನ್ನು ಮಾತ್ರ ಬಿಟ್ಟಿತು. ಆ ಹೊತ್ತಿಗೆ ಅನೇಕರು ಕಗ್ಗದ ಬೀಜವನ್ನೇ ಕಳೆದುಕೊಂಡಿದ್ದರು. ಕಟ್ಟೆ ಒಡೆದ ಗಜನಿಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೀಜ ತೇಲಿ ಬಂದು ಗಿಡವಾಯಿತು. ಈಗ ಅಲ್ಲೇ ಒಂದು ಕಠಿಣ ಪ್ರಶ್ನೆ ನಿಂತಿದೆ, ಇದನ್ನು ನೀವು ತಪ್ಪಿಸಿಕೊಳ್ಳಬಾರದು. ಕಾಂಡ್ಲಾ ಕಾಡು ಬೆಳೆಯುವುದು ಒಳ್ಳೆಯದೇ. ಅದರ ಬೇರಿನ ನಡುವೆ ಮೀನು ಮರಿ ಮಾಡುತ್ತದೆ, ದಂಡೆ ಕೊರೆಯುವುದಿಲ್ಲ. ಆದರೆ ಕಗ್ಗದ ಗದ್ದೆಯಲ್ಲಿ ಕಾಂಡ್ಲಾ ಬೆಳೆದರೆ ಅದು ಪುನಶ್ಚೇತನವೋ, ಒಂದು ತಳಿಯ ಕೊನೆಯೋ? ದೂರದ ಕಚೇರಿಯಲ್ಲಿ ಉಪಗ್ರಹದ ಚಿತ್ರ ನೋಡುವವರಿಗೆ ಹಸಿರು ಹೆಚ್ಚಾದದ್ದು ಕಾಣುತ್ತದೆ, ಅವರು ಅದನ್ನು ಶೇಕಡ 30ರ ಲೆಕ್ಕಕ್ಕೆ ಸೇರಿಸುತ್ತಾರೆ. ಕೆಟ್ಟದ್ದಕ್ಕೆ ಮತ್ತೆ ಜೀವ ತುಂಬುವ ಎರಡನೆಯ ಗುರಿ ಅಲ್ಲಿ ಗೆದ್ದಂತೆ ಕಾಣುವಾಗ ತಳಿ ಉಳಿಸುವ ನಾಲ್ಕನೆಯದು ಸೋತಿರುತ್ತದೆ. ಯಾವ ಗಜನಿ ಗದ್ದೆಯಾಗಿ ಉಳಿಯಬೇಕು, ಎಲ್ಲಿ ಕಾಂಡ್ಲಾ ಬೆಳೆಯಲಿ ಎಂದು ಗಡಿ ಹಾಕಿ ಹೇಳಬಲ್ಲವರು ಗಜನಿಯವರೂ ಮೀನಿನವರೂ ಒಟ್ಟಿಗೆ ಕೂತ ಸಭೆಯೊಂದೇ. ಆ ಸಭೆ ಕರೆಯುವ ಅಧಿಕಾರ ಕಾನೂನು ಕೊಟ್ಟಿರುವುದು ನಿಮಗೆ.

ಬಳಚಿನ ಮಾತಿಗೆ ಬರುತ್ತೇನೆ. ನನ್ನ ಅಮ್ಮ ಇಳಿತ ನೋಡಿಕೊಂಡು ಮನೆಗೆಲಸ ಮಾಡುತ್ತಿದ್ದಳು. ಹೊಳೆ ಇಳಿಯುವ ಹೊತ್ತು ದಿನವೂ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಹೋಗುತ್ತದಲ್ಲ, ಅವಳ ಅಡುಗೆಯ ಹೊತ್ತೂ ಹಾಗೇ ಸರಿಯುತ್ತಿತ್ತು. ಸೊಂಟದವರೆಗಿನ ನೀರಿನಲ್ಲಿ ಕಾಲಿನಿಂದಲೇ ಬಳಚು ಗುರುತಿಸಿ ಬುಟ್ಟಿಗೆ ಹಾಕುವಳು. ಸಣ್ಣವನ್ನು ಅಲ್ಲೇ ಬಿಡುವಳು. ಯಾಕೆ ಎಂದು ಕೇಳಿದ್ದಕ್ಕೆ, ಮರಿ ತಿಂದರೆ ಮಳೆಗಾಲಕ್ಕೆ ಏನು ತಿನ್ನುತ್ತೀ ಎಂದಿದ್ದಳು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕುಮಟೆಯಲ್ಲಿದ್ದುಕೊಂಡು ಈ ಅಳಿವೆಯ ಚಿಪ್ಪುಜೀವಿಗಳ ಲೆಕ್ಕ ತೆಗೆದಾಗ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು, ನೀಲಿಕಲ್ಲು ಇಲ್ಲಿಂದ ಹೋಗುತ್ತದೆ, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಅದು ನೇರ ದುಡಿಮೆ ಎಂದು ಕಂಡಿತು. ಟಿ.ವಿ. ರಾಮಚಂದ್ರ, ಕುಮಟೆಯ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಅವರ ಬಳಗ ಮಾಡಿದ ಕೆಲಸ ಅದು. ನಮ್ಮ ಜಿಲ್ಲೆ ಅವರಿಗೆ ಋಣಿ. ಆ ಲೆಕ್ಕ ಈಗ ಹಳೆಯದಾಯಿತು. ಹೊಳೆಯ ತಳದ ಮರಳು ತೆಗೆದರು, ಚಿಪ್ಪಿನ ಗಣಿ ಮಾಡಿದರು, ಎಲ್ಲ ಗಾತ್ರದ ಬಳಚನ್ನೂ ಚೀಲಕ್ಕೆ ತುಂಬಿ ಹೊರ ಊರಿಗೆ ಸಾಗಿಸಿದರು. ಮೊದಲಿನಷ್ಟು ಸಿಗುವುದಿಲ್ಲ ಎಂದು ಆಯುವವರೇ ಹೇಳುತ್ತಾರೆ. ಎಷ್ಟು ಕಡಿಮೆಯಾಯಿತು, ಯಾವ ದಿನ್ನೆಯಲ್ಲಿ ಪೂರ್ತಿ ನಿಂತಿತು, ಯಾವ ವರ್ಷದಿಂದ ಎಂಬುದನ್ನು ಬರೆದಿಡುವವರು ಯಾರು? ರಾಮ್ಸಾರ್ ಒಪ್ಪಂದ ಬಳಕೆ ನಿಲ್ಲಿಸಿ ಎನ್ನುವುದಿಲ್ಲ, ವಿವೇಕದಿಂದ ಬಳಸಿ ಎನ್ನುತ್ತದೆ. ಸಣ್ಣವನ್ನು ಬಿಡು ಎಂಬ ಅಮ್ಮನ ಮಾತೇ ಆ ವಿವೇಕ. ಅದನ್ನು ಊರಿನ ಠರಾವಾಗಿ ಬರೆದರೆ ಹೊರಗಿನ ಗುತ್ತಿಗೆದಾರನ ಎದುರು ಹಿಡಿಯಲು ಕೈಗೊಂದು ಕಾಗದ ಆಗುತ್ತದೆ.

ಹೊನ್ನಾವರದವರಿಗೆ ಈ ಮಾತು ಇನ್ನೂ ನೋವಿನದು. ಶರಾವತಿ ಮತ್ತು ಅಘನಾಶಿನಿ ಅಕ್ಕತಂಗಿಯರಂತೆ ಹತ್ತಿರ ಹತ್ತಿರ ಸಮುದ್ರ ಸೇರುತ್ತವೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಆಮೇಲೆ ಗೇರುಸೊಪ್ಪೆಯಲ್ಲೂ ಅಣೆಕಟ್ಟು ಬಂತು. ವಿದ್ಯುತ್ತಿಗೆಂದು ವರ್ಷವಿಡೀ ನೀರು ಬಿಡುವುದರಿಂದ ಬೇಸಿಗೆಯಲ್ಲೂ ಶರಾವತಿಯ ಅಳಿವೆ ಉಪ್ಪಾಗಬೇಕಾದಷ್ಟು ಉಪ್ಪಾಗುವುದಿಲ್ಲ. ಉಪ್ಪು ಬೇಕಾದ ಬಳಚು ಅಲ್ಲಿಂದ ಹೋಯಿತು, ಉಪ್ಪು ಬೇಕಾದ ಕಾಂಡ್ಲಾ ಕುಗ್ಗಿತು. ನೀರು ಹೊಲಸಾಗಿ ಅಲ್ಲ, ಸಿಹಿಯಾಗಿ ಹೊಳೆ ಕೆಟ್ಟಿತು. ಇಂಥ ಕೇಡನ್ನು ಹೊರಗಿನವರು ನೋಡಿದರೆ ಗುರುತಿಸಲಾರರು, ದಂಡೆಯ ಅಜ್ಜಿಯೊಬ್ಬಳೇ ಹೇಳಬಲ್ಲಳು. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳಿಗೆಂದು ಇರುವ ಅಭಯಾರಣ್ಯದೊಳಗೆ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತಿದೆ. ಅತ್ತ ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ತಿರುಗಿಸುವ ಪ್ರಸ್ತಾಪವೂ ಇದೆ. ಕೆಟ್ಟದ್ದರಲ್ಲಿ ಶೇಕಡ 30ನ್ನು ಸರಿಮಾಡುತ್ತೇವೆ ಎಂದು ಸಹಿ ಹಾಕಿದ ದೇಶ, ಕೆಡದೆ ಉಳಿದ ಒಂದು ಹೊಳೆಯನ್ನೂ ಕೆಡಿಸಲು ಹೊರಟರೆ ಆ ಸಹಿಗೆ ಏನು ಬೆಲೆ? ಇದು ನನ್ನ ಪ್ರಶ್ನೆ. ನಿಮ್ಮ ಪಂಚಾಯತ್‌ನ ಪ್ರಶ್ನೆಯೂ ಆಗಲಿ. ಸಾರ್ವಜನಿಕ ಅಹವಾಲು ಸಭೆಯಲ್ಲಿ ಕಣ್ಣೀರಿಗಿಂತ ದಾಖಲೆಗೆ ಬಲ ಹೆಚ್ಚು.

ಅದಕ್ಕೆ ಹೊನ್ನಾವರದ ಕಾಸರಕೋಡಿನ ಟೊಂಕವೇ ಸಾಕ್ಷಿ. ಅಲ್ಲಿನ ಬಂದರು ಯೋಜನೆಯ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಆ ದಂಡೆಯಲ್ಲಿ ಆಲಿವ್ ರಿಡ್ಲೆ ಆಮೆ ಮೊಟ್ಟೆ ಇಡುತ್ತದೆ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಗೂಡು ಕಂಡರೆ ಬೇಲಿ ಕಟ್ಟಿ ಕಾದು, ಮರಿಗಳನ್ನು ಸಮುದ್ರಕ್ಕೆ ಬಿಟ್ಟವರು ಅವರೇ. ಹೀಗಿದ್ದೂ ಅಲ್ಲಿ ಆಮೆ ಬರುತ್ತದೋ ಇಲ್ಲವೋ ಎಂಬುದೇ ವಾದದ ವಿಷಯವಾಯಿತು. ಯಾವ ತಿಂಗಳು, ಯಾವ ಜಾಗ, ಎಷ್ಟು ಗೂಡು ಎಂದು ವರ್ಷವರ್ಷವೂ ಪಂಚಾಯತ್ ಪುಸ್ತಕದಲ್ಲಿ ಮುದ್ರೆಯೊಂದಿಗೆ ಬರೆದಿದ್ದರೆ ಆ ವಾದ ಹುಟ್ಟುತ್ತಿತ್ತೇ?

ಅದೇ ಹೊನ್ನಾವರದಲ್ಲಿ ಅಪ್ಸರಕೊಂಡ–ಮುಗಳಿ ಕಡಲ ಅಭಯಾರಣ್ಯ ಆಗುತ್ತಿದೆ, ರಾಜ್ಯದ ಮೊದಲನೆಯದು. ಒಳ್ಳೆಯದು ಎಂದೇ ನನ್ನ ತೀರ್ಮಾನ. ಆದರೆ ಖಾರ್ವಿ, ಅಂಬಿಗ, ಮೊಗೇರ ಕೇರಿಗಳಲ್ಲಿ ಭಯವಿದೆ, ನಾಳೆ ನಮ್ಮ ದೋಣಿ ತಡೆಯುತ್ತಾರೆ ಎಂದು. ಆ ಭಯವನ್ನು ಅಜ್ಞಾನ ಎಂದು ತಳ್ಳಬೇಡಿ. ಶೇಕಡ 30ರ ಗುರಿ ನಕಾಶೆಯ ಮೇಲೆ ಗೆರೆ ಎಳೆದು ಮುಗಿಸುವಷ್ಟು ಸುಲಭ, ಗೆರೆಯೊಳಗಿನ ಜನರನ್ನು ಕೇಳುವುದು ಕಷ್ಟ. ಸುಲಭದ ದಾರಿ ಹಿಡಿದ ಕಡೆಯಲ್ಲೆಲ್ಲ ಕಾಡು, ಜನ ಎರಡೂ ನೊಂದಿವೆ. ಸಣ್ಣ ದೋಣಿಯವರು ಯಾವ ಬಲೆ ಹಾಕುತ್ತಾರೆ, ಯಾವ ತಿಂಗಳು ಹಾಕುವುದಿಲ್ಲ, ಬೆಳಕು ಹಾಯಿಸಿ ಹಿಡಿಯುವ ದೊಡ್ಡ ಬೋಟುಗಳಿಂದ ಅವರಿಗೆ ಏನಾಯಿತು ಎಂಬುದು ನಿಮ್ಮ ಪುಸ್ತಕದಲ್ಲಿದ್ದರೆ ಅಭಯಾರಣ್ಯದ ನಿಯಮ ಬರೆಯುವವರು ಅದನ್ನು ದಾಟಿ ಹೋಗುವಂತಿಲ್ಲ.

ಘಟ್ಟದ ಬುಡದ ಪಂಚಾಯತ್‌ಗಳಿಗೆ ಒಂದು ಮಾತು, ಉಪ್ಪಾಗೆಯ ಬಗ್ಗೆ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಮದ್ದಿಗೆಂದು ಹೊರದೇಶಗಳಲ್ಲಿ ಅದಕ್ಕೆ ಬೇಡಿಕೆ ಏರಿದಾಗ ನಮ್ಮ ಕಾಡಿನಲ್ಲಿ ಕಾಯಿ ಬಲಿಯುವ ಮೊದಲೇ ಗೆಲ್ಲು ಕಡಿದರು, ಒಣಗಿಸಲು ರಾಶಿ ರಾಶಿ ಕಟ್ಟಿಗೆ ಸುಟ್ಟರು. ಲಾಭ ಎಲ್ಲೋ ಹೋಯಿತು. 41ನೆಯ ಕಲಮಿನ ಮೂರನೆಯ ಉಪಕಲಮು ನೋಡಿ: ನಿಮ್ಮ ಸೀಮೆಯಿಂದ ವ್ಯಾಪಾರಕ್ಕಾಗಿ ಜೀವಸಂಪತ್ತು ಒಯ್ಯುವವರಿಂದ ಶುಲ್ಕ ಪಡೆಯುವ ಅಧಿಕಾರ ಸಮಿತಿಗಿದೆ. ಉಪ್ಪಾಗೆ, ಮುರುಗಲು, ರಾಮಪತ್ರೆ ಎಲ್ಲದಕ್ಕೂ ಈ ಮಾತು ಅನ್ವಯಿಸುತ್ತದೆ. ಆ ದುಡ್ಡು ಕಾಯಿ ಆರಿಸುವವರ ಮೇಲೆ ಬೀಳಬಾರದು, ಲಾರಿ ತುಂಬುವವರಿಂದ ಬರಬೇಕು. ಬಂದದ್ದು ಅದೇ ಕಾಡಿಗೆ ಹಿಂತಿರುಗಬೇಕು.

ರಾಮಪತ್ರೆ ಎಂದಾಗ ಅದು ಬೆಳೆಯುವ ಜೌಗುಗಳ, ಅಂದರೆ ಜಡ್ಡಿಗಳ ನೆನಪಾಗುತ್ತದೆ. ಹೊನ್ನಾವರದಿಂದ ಜೋಗಕ್ಕೆ ಹೋಗುವ ಘಟ್ಟದಲ್ಲಿ ಕತ್ತಲೆಕಾನು ಇದೆ. ನೀರಲ್ಲೇ ನಿಂತು, ಮೊಣಕಾಲಿನಂತೆ ಬಾಗಿದ ಉಸಿರುಬೇರು ಮೇಲಕ್ಕೆತ್ತುವ ಮರಗಳ ಜೌಗು. 2000ದಲ್ಲಿ ಅಲ್ಲಿ ಸಿಕ್ಕ ಹೊಸ ಮರಕ್ಕೆ ವಿಜ್ಞಾನಿಗಳು ಆ ಕಾನಿನ ಹೆಸರನ್ನೇ ಇಟ್ಟರು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಅಡಿಕೆ ತೋಟಕ್ಕೆ ಸಮತಟ್ಟು, ನೀರು ಎರಡೂ ಸಿಗುವ ಜಾಗವೆಂದು ಎಷ್ಟೋ ಜಡ್ಡಿ ತೋಟವಾಯಿತು. ಉಳಿದವು ಬೆರಳೆಣಿಕೆ. ಹೊನ್ನಾವರದ ಕರಿಕಾನಮ್ಮನ ಗುಡ್ಡದ ಮೇಲಿನ ಹಳೆಗಾಡು ಉಳಿದದ್ದು ಅಮ್ಮನವರ ಭಯಭಕ್ತಿಯಿಂದ. ಕಾಯ್ದೆಯ 37ನೆಯ ಕಲಮಿನಡಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಲು ಸರಕಾರ ಸ್ಥಳೀಯ ಸಂಸ್ಥೆಯನ್ನು ಕೇಳಿಯೇ ಮುಂದುವರಿಯಬೇಕು. ಅದು ಕೇಳುವವರೆಗೆ ಕಾಯಬೇಡಿ, ನೀವೇ ಮೊದಲು ಬರೆದು ಕಳಿಸಿ. ದೇವಿಯ ಕಾನಿಗೆ ಹಬ್ಬಕ್ಕೆ ಹೋಗುವ ಜನರಿಗೆ ಅದನ್ನು ಕಾಯಲು ಹೊಸದಾಗಿ ಕಲಿಸಬೇಕಾಗಿಲ್ಲ.

ಭಟ್ಕಳದವರೇ, ನಿಮ್ಮ ಸೀಮೆ ನೀರೊಳಗೂ ಇದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯ ಸುತ್ತ ಹವಳವಿದೆ, ಮೇಲೆ ಕಡಲ ಹದ್ದಿನ ಗೂಡಿದೆ. ಆ ದ್ವೀಪವನ್ನು ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಬಳಸಿದ ಕಾಲವೂ ಇತ್ತು. ಈಗ ಮುಳುಗಿ ಹವಳ ನೋಡುವವರು ಬರುತ್ತಾರೆ, ಲಂಗರು ಬೀಳುತ್ತದೆ. ಊರ ನಡುವೆ ಹರಿಯುವ ಶರಾಬಿ ಹೊಳೆಯ ಕಥೆ ನಿಮಗೇ ಗೊತ್ತು. ಒಂದು ಕಾಲಕ್ಕೆ ದೋಣಿ ನಡೆದ ಹೊಳೆಯಲ್ಲಿ ಈಗ ಚರಂಡಿ ನೀರು. ಎರಡನೆಯ ಗುರಿಯನ್ನು ಭಟ್ಕಳದಲ್ಲಿ ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಶರಾಬಿಯನ್ನು ತೋರಿಸುತ್ತೇನೆ. ಇನ್ನು ನಿಮ್ಮ ಚಿರೇಕಲ್ಲಿನ ಗುಡ್ಡದ ನೆತ್ತಿಗಳು. ಬೇಸಿಗೆಯಲ್ಲಿ ಬರಿ ಕಲ್ಲು, ಮಳೆಗಾಲದಲ್ಲಿ ಬೆರಳುದ್ದದ ಗಿಡಗಳ ಹೂವಿನ ಹಾಸು, ನೊಣ ಹಿಡಿದು ತಿನ್ನುವ ಗಿಡಗಳೂ ಅದರಲ್ಲಿವೆ. ಕಂದಾಯ ಪುಸ್ತಕದಲ್ಲಿ ಅದು ಬಂಜರು. ಅಲ್ಲಿ ಅಕೇಶಿಯಾ ನೆಟ್ಟು ಹಸಿರೀಕರಣ ಎಂದು ಬರೆಯುವುದು ಸುಲಭ. ಕಂದಾಯದವರ ಪುಸ್ತಕಕ್ಕೆ ತಿದ್ದುಪಡಿ ಹಾಕಬಲ್ಲದ್ದು ನಿಮ್ಮ ಪುಸ್ತಕ.

ಬರೆಯುವಾಗ ಒಂದು ಎಚ್ಚರ ಇರಲಿ. ನಾಟಿ ವೈದ್ಯರ ಮದ್ದಿನ ಗುಟ್ಟು, ಜೇನು ಕೀಳುವವರ ಜಾಗ, ಇವನ್ನೆಲ್ಲ ಕೇಳಿದ ಕೂಡಲೇ ಬಹಿರಂಗ ಪುಸ್ತಕದಲ್ಲಿ ಇಳಿಸಬೇಡಿ. ಹೇಳಿದವರ ಒಪ್ಪಿಗೆ ಬೇಕು, ಬೇಡ ಎಂದರೆ ಬಿಟ್ಟುಬಿಡಿ. ಹೆಸರುಗಳನ್ನು ನಮ್ಮ ಮಾತಿನಲ್ಲೇ ಬರೆಯಿರಿ. ಹಾಲಕ್ಕಿಯವರದು ಅವರ ಮಾತಿನಲ್ಲಿ, ಭಟ್ಕಳದ ನವಾಯತರದು ಅವರ ಮಾತಿನಲ್ಲಿ, ಕೊಂಕಣಿಯವರದು ಕೊಂಕಣಿಯಲ್ಲಿ. ಲ್ಯಾಟಿನ್ ಹೆಸರು ಆಮೇಲೆ ಸೇರಿಸಲು ಕಾಲೇಜಿನ ಮಕ್ಕಳಿದ್ದಾರೆ. ಆದರೆ ತಡ ಮಾಡಬೇಡಿ. ಪಕ್ಕದ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಅಕ್ಷರ ಕಲಿಯದೆ ನೂರಾರು ಮರಗಳ ಬೀಜ, ಕಾಲ, ತಾಯಿಮರ ಬಲ್ಲವರಾಗಿದ್ದರು. ಪದ್ಮಶ್ರೀ ಬಂತು, ದೇಶ ಅವರ ಬರಿಗಾಲಿನ ಚಿತ್ರ ನೋಡಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ನಿಮ್ಮ ಊರಿನಲ್ಲೂ ಪದ್ಮಶ್ರೀ ಇಲ್ಲದ ತುಳಸಿಯಜ್ಜಿಯರು ಇದ್ದಾರೆ, ಅವರಿಗೆ ವಯಸ್ಸಾಗಿದೆ.

ಇಷ್ಟೆಲ್ಲ ಬರೆದು ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಗ್ರಾಮಸಭೆಯ ನೋಟಿಸಿನಲ್ಲಿ ಒಂದು ವಿಷಯ ಸೇರಿಸಿ: ಜನತಾ ಜೀವವೈವಿಧ್ಯ ದಾಖಲಾತಿಯನ್ನು ಓದುವುದು. ಪುಸ್ತಕವನ್ನು ಕಪಾಟಿನಿಂದ ತೆಗೆದು ಜನರೆದುರು ಗಟ್ಟಿಯಾಗಿ ಓದಿಸಿ. ಇಲ್ಲದ್ದು ಯಾವುದು, ತಪ್ಪಾದದ್ದು ಯಾವುದು ಎಂದು ಕೇಳಿ. ಅವರು ಹೇಳಿದ್ದನ್ನು ಅಲ್ಲೇ ಬರೆದು ಠರಾವು ಮಾಡಿ, ಒಂದು ಪ್ರತಿ ಜಿಲ್ಲೆಗೆ, ಒಂದು ಪ್ರತಿ ರಾಜ್ಯ ಜೀವವೈವಿಧ್ಯ ಮಂಡಳಿಗೆ ಕಳಿಸಿ. 2030ಕ್ಕೆ ಹೆಚ್ಚು ಮಳೆಗಾಲಗಳು ಉಳಿದಿಲ್ಲ.

ಬಳಚು ಆಯುವ ಹೆಂಗಸರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಸಭೆಯನ್ನು ಇಳಿತದ ಹೊತ್ತಿಗೆ ಮಾತ್ರ ಇಡಬೇಡಿ. ಆಗ ಅವರು ಹೊಳೆಯಲ್ಲಿರುತ್ತಾರೆ.

ಇಂತಿ,
ಅಘನಾಶಿನಿ ದಂಡೆಯ ಒಬ್ಬ ನಿವೃತ್ತ ಮಾಸ್ತರ